ಹಿಲ್ಕಾ ನರ್ಸಿನ ಪಟ್ಟಿ

ಕೂತುಕೋ ಯಾಲ್ಮರಿ, ಕಾಲ ಮೇಲೆ ಕಾಲು ಬೇಡ.
ಈ ಕಪ್ಪು ಪಟ್ಟಿ, ಈ ರಬ್ಬರಿನ ಬುರುಡೆ
ಐವತ್ತು ವರ್ಷ ಗಾಳಿ ಕುಡಿದು ಗಾಳಿ ಉಗುಳಿ
ಒಂದು ಕಡೆ ಬಿರುಕು ಬಿಟ್ಟಿದೆ, ನನ್ನ ಹಿಮ್ಮಡಿಯ ಹಾಗೆ.

ಆಸ್ಪತ್ರೆ ಮುಚ್ಚಿದಾಗ ಹರಾಜಿನಲ್ಲಿ ಹಿಡಿದ ಬೆಂಚು ಇದು.
ನಿನ್ನ ಅಜ್ಜ ಏಲಿಸ್ ಇದರ ಮೇಲೇ ಕೂತಿದ್ದ.
ಎಪ್ಪತ್ತನಾಲ್ಕರ ಫೆಬ್ರವರಿ. ಪಿಯೆಲಿನೆನ್ ಸರೋವರದ ಮೇಲೆ
ಲಾರಿ ಓಡುವಷ್ಟು ಮಂಜುಗಡ್ಡೆ.
ಮರ ಕಡಿಯುವ ತೋಳು; ಪಟ್ಟಿ ಸಾಲಲಿಲ್ಲ.
"ಎಷ್ಟು?" ಅಂದ.
ಹೇಳಿದೆ. ನಕ್ಕ.
"ಅದು ಒತ್ತಡವಲ್ಲ ಹಿಲ್ಕಾ, ಬಲ."

ಅವನ ಬುತ್ತಿ ಕಂಡಿದ್ದೇನೆ:
ರೈ ರೊಟ್ಟಿ ಒಂದು ಬೆರಳು ದಪ್ಪ, ಬೆಣ್ಣೆ ಎರಡು ಬೆರಳು.
ಕಚ್ಚಿದರೆ ಬೆಣ್ಣೆಯಲ್ಲಿ ಹಲ್ಲಿನ ಗುರುತು ಉಳಿಯಬೇಕು,
ಇಲ್ಲದಿದ್ದರೆ ಹೆಂಡತಿ ಜಿಪುಣಿ ಅಂತ ಊರು ಆಡಿಕೊಳ್ಳುತ್ತಿತ್ತು.
ಉಪ್ಪಿನಲ್ಲಿ ಹೂತಿಟ್ಟ ಹಂದಿ, ಉಪ್ಪಿನಲ್ಲಿ ಹೂತಿಟ್ಟ ಮೀನು,
ಮೇಲೊಂದು ಸಿಗರೇಟು, ಅದರ ಮೇಲೆ ಇನ್ನೊಂದು.
ಬರಗಾಲದಲ್ಲಿ ಪೈನ್ ಮರದ ತೊಗಟೆ ಅರೆದು
ಹಿಟ್ಟಿಗೆ ಬೆರೆಸಿದವರ ಮೊಮ್ಮಕ್ಕಳು ನಾವು.
ಕೊನೆಗೂ ಬೆಣ್ಣೆ ಬಂದಾಗ ತೆಳ್ಳಗೆ ಸವರಿ ಅಂತ
ಯಾವ ಬಾಯಲ್ಲಿ ಹೇಳಲಿ?

ಆದರೂ ಹೇಳಿದೆ. ಸಂಬಳ ಅದಕ್ಕೇ.
ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಂಗಸರನ್ನು ಸೇರಿಸಿ
ಬೆಣ್ಣೆ ಬಿಟ್ಟು ಟರ್ನಿಪ್ ಹಾಕಿ ಸಾರು ಬೇಯಿಸಿದೆ.
ಲೆಂಪಿ, ನಿನ್ನ ಅಜ್ಜಿ, ಒಂದು ಚಮಚ ಕುಡಿದು
"ಇದನ್ನು ನನ್ನ ಗಂಡ ದನಕ್ಕೆ ಹಾಕುತ್ತಾನೆ" ಅಂದಳು.
ಹಾಕಿದ. ದನ ಕುಡಿಯಿತಂತೆ.

ಮಾರ್ಚಿಯಲ್ಲಿ ಸೌನಾದಿಂದ ಹೊರಬಂದು
ಹಿಮದ ಮೇಲೆ ಮೈಯೆಲ್ಲ ಹಬೆಯಾಡುತ್ತ ನಿಂತವನು
ನಿಂತಲ್ಲೇ ಕೂತ. ಕೂತಲ್ಲೇ ಹೋದ.
ನಲವತ್ತೊಂದು.
ಬರ್ಚ್ ಸೊಪ್ಪಿನ ಕಂತೆ ಇನ್ನೂ ಕೈಯಲ್ಲಿತ್ತು.

ಆಗ ನಮಗೆ ಗೊತ್ತಿದ್ದದ್ದು ಕೊಬ್ಬು ಮಾತ್ರ,
ಚರಂಡಿಯಲ್ಲಿ ಕಟ್ಟಿಕೊಂಡ ಹಾಗೆ ಕಟ್ಟಿಕೊಳ್ಳುವ ಕೊಬ್ಬು.
ಈಗಿನ ಡಾಕ್ಟರಮ್ಮ ಇನ್ನೂ ಒಂದು ಮಾತು ಸೇರಿಸುತ್ತಾಳೆ:
ರಕ್ತನಾಳದ ಗೋಡೆಯೊಳಗೆ ಸಣ್ಣ ಉರಿಯೊಂದು ಇರುತ್ತದಂತೆ,
ನೋವಿಲ್ಲ, ಜ್ವರವಿಲ್ಲ, ಮುಟ್ಟಿದರೆ ಬಿಸಿಯೂ ಇಲ್ಲ.
ಉರಿಯೂತ.
ನನಗೆ ಸೌನಾದ ಒಲೆ ಕಣ್ಣಿಗೆ ಬಂತು,
ಆರಿತೆಂದು ಎಲ್ಲರೂ ಮಲಗಿದ ಮೇಲೆ
ಬೂದಿ ಹೊದ್ದು ಬೆಳಗಿನವರೆಗೂ ಉಸಿರಾಡುವ ಕೆಂಡ.
ಊಟಕ್ಕೂ ಊತಕ್ಕೂ ಒಂದಕ್ಷರದ ದೂರ;
ಅಷ್ಟು ದೂರವನ್ನು ಏಲಿಸ್ ದಿನಕ್ಕೆ ನಾಲ್ಕು ಸಲ ನಡೆದಿದ್ದ.

ನಿನಗೆ ಮೂವತ್ತೆಂಟು.
ಚೀಲ ಬಿಚ್ಚಿ ಮೇಜಿನ ಮೇಲೆ ಡಬ್ಬಿಗಳನ್ನು ಸಾಲಾಗಿಟ್ಟೆ.
ಮೀನೆಣ್ಣೆಯ ಗುಳಿಗೆ, ಜೇನಿನ ಬಣ್ಣ.
ಅರಿಶಿನ, ಅದಕ್ಕೆ ಜೊತೆಗಾತಿ ಕರಿಮೆಣಸು.
ವಾಸನೆ ತೆಗೆದ ಬೆಳ್ಳುಳ್ಳಿ;
ವಾಸನೆ ಕಳೆದುಕೊಂಡ ಮೇಲೆ ಬೆಳ್ಳುಳ್ಳಿಗೆ ಬದುಕಿ ಏನು ಸುಖ?
ಬ್ಲೂಬೆರಿ ಪುಡಿ, ಸಮುದ್ರದಾಚೆಯ ಕಾರ್ಖಾನೆಯದು.
ಆಗಸ್ಟ್ ತಿಂಗಳು, ಕಿಟಕಿಯಾಚೆ ನೋಡು,
ಹೆಕ್ಕುವವರಿಲ್ಲದೆ ಕಾಡೆಲ್ಲ ನೀಲಿಗಟ್ಟಿ ಕೂತಿದೆ.

ಬೈಯುತ್ತಿಲ್ಲ. ಅಜ್ಜ ನಿಂತುಹೋದ ವಯಸ್ಸಿಗೆ
ಇನ್ನು ಮೂರೇ ಮೆಟ್ಟಿಲು, ಕಾಲು ನಡುಗುವುದು ಸಹಜ.
ಯಾವ ಗುಳಿಗೆ ಕಾಯುತ್ತದೆ ಅಂತ ಕೇಳಿದೆ.
ಕೆಲವಕ್ಕೆ ಸಾಕ್ಷಿ ಇದೆ, ಕೆಲವಕ್ಕೆ ಜಾಹೀರಾತು,
ಹೆಚ್ಚಿನವಕ್ಕೆ ಬರೀ "ಇರಬಹುದು".
ಎಲ್ಲ ಡಬ್ಬಿಗಳನ್ನೂ ಡಾಕ್ಟರಮ್ಮನಿಗೆ ತೋರಿಸು,
ಒಂದನ್ನೂ ಬಚ್ಚಿಡಬೇಡ.
ಬೂದಿಯ ಮೇಲೆ ಚಿಟಿಕೆ ನೀರು ಚಿಮುಕಿಸಿ
ಕೆಳಗೆ ಸೌದೆ ತುರುಕುತ್ತಲೇ ಇದ್ದರೆ
ಯಾವ ಅರಿಶಿನ ಏನು ಮಾಡೀತು?

ಲೆಂಪಿಗೆ ಈಗ ಎಂಬತ್ತೆಂಟು. ನಿನಗೆ ಹೇಳಿರಲಿಕ್ಕಿಲ್ಲ,
ಆ ಸಾರಿನ ಪಾಕ ಬರೆದ ಚೀಟಿಯನ್ನು
ತಿಥಿ ಕಳೆದ ವಾರ ನನ್ನಿಂದ ಕೇಳಿ ಪಡೆದಳು.
ಬೆಣ್ಣೆಯನ್ನು ಬಿಡಲಿಲ್ಲ.
ವರ್ಷಕ್ಕೊಂದು ದಿನ, ಅವನು ಹೋದ ದಿನ,
ಎರಡು ಬೆರಳು ದಪ್ಪ ಸವರಿ ಮೇಜಿನ ಆ ತುದಿಯಲ್ಲಿಟ್ಟು
ಸಂಜೆಯವರೆಗೆ ನೋಡಿ
ಆಮೇಲೆ ಹಕ್ಕಿಗಳಿಗೆ ಹಾಕುತ್ತಾಳೆ.

ಸರಿ, ತೋಳು ಚಾಚು. ಬಿಗಿಯುತ್ತದೆ, ಹೆದರಬೇಡ.
ಈಗ ಗಾಳಿ ಬಿಡುತ್ತೇನೆ.
ಮೊದಲು ಏನೂ ಕೇಳಿಸುವುದಿಲ್ಲ.
ಆಮೇಲೆ, ಬಹಳ ದೂರದ ಕಾಡಿನಲ್ಲಿ
ಯಾರೋ ಮರಕ್ಕೆ ಕೊಡಲಿ ಹಾಕಿದ ಹಾಗೆ,

ಇಗೋ.
ಸುಮ್ಮನಿರು. ಎಣಿಸುತ್ತಿದ್ದೇನೆ.