ಮೂರು ಕಮ್ಮಿ

ಮಂಡ್ಯದ ಸರ್ಕಾರಿ ಕಾಲೇಜು, ಭೌತಶಾಸ್ತ್ರದ ಲ್ಯಾಬು.
ಗಂಟೆ ಹೊಡೆಯುವ ಮುಂಚೆ ಬೀಗ ತೆಗೆಯುವವನು ನಾನು,
ಜವರಯ್ಯ, ಅಟೆಂಡರು.
ಟ್ರಾಲಿಯ ಗಾಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು
ತೊಟ್ಟು ಹೆಚ್ಚಾದರೆ ಹಳೇ ಬನಿಯನ್ನಿನಲ್ಲಿ ಒರೆಸಿ
ಇಪ್ಪತ್ತೊಂಬತ್ತು ವರ್ಷ.

ಒಂದು ಟ್ರಾಲಿ ಓಡಿಬಂದು ನಿಂತಿದ್ದಕ್ಕೆ ಗುದ್ದುತ್ತದೆ,
ಎರಡೂ ಅಂಟಿಕೊಂಡು ಮೆಲ್ಲಗೆ ಹೊರಡುತ್ತವೆ
ರಾಜಿಯಾದ ದಾಯಾದಿಗಳ ಹಾಗೆ.
ಗುದ್ದುವ ಮುಂಚೆ ಎಷ್ಟಿತ್ತೋ ಗುದ್ದಿದ ಮೇಲೂ ಅಷ್ಟೇ:
ಬೋರ್ಡಿನ ಮೇಲೆ ಶಿವನಂಜು ಮೇಷ್ಟ್ರ ದುಂಡಕ್ಷರ,
ಸಂವೇಗ ಸಂರಕ್ಷಣೆ.

ಹುಡುಗರಿಗೆ ಯಾವಾಗಲೂ ಅಷ್ಟೇ ಬರುತ್ತದೆ.
ಮೊದಲು ಉತ್ತರ ಬರೆದು ಆಮೇಲೆ ಟೇಪು ಅಳೆಯುತ್ತಾರೆ.
ನೋಡಿದ್ದೇನೆ. ಹೇಳಿಲ್ಲ.
ಹೇಳುವುದು ನನ್ನ ಕೆಲಸವಲ್ಲ.

ಗುತ್ತಲಿನ ತಬಸ್ಸುಮಳಿಗೆ ಮಾತ್ರ ಬರಲಿಲ್ಲ.
ಮೊದಲು ಎಂಬತ್ತು, ಆಮೇಲೆ ಎಪ್ಪತ್ತೇಳು.
ಮತ್ತೆ ಬಿಟ್ಟಳು. ಎಪ್ಪತ್ತೇಳು.
"ಮೂರು ಕಮ್ಮಿ ಸಾರ್. ಎಲ್ಲೋಯ್ತು?"
"ಘರ್ಷಣೆ ಕಣಮ್ಮ. ಟೇಬಲ್ಲಿಗೆ ಹೋಯ್ತು."
"ಟೇಬಲ್ಲು ಅಲ್ಲೇ ಇದೆಯಲ್ಲ ಸಾರ್?"
"ಟೇಬಲ್ಲು ನೆಲಕ್ಕೆ ಕೊಡ್ತು, ನೆಲ ಭೂಮಿಗೆ."
"ಹಂಗಾದ್ರೆ ಭೂಮಿ ಜರುಗ್ತಾ?"
"ಜರುಗ್ತು."
"ಅಳೆಯೋಕಾಗುತ್ತಾ?"
ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.
"ಅಳೆಯೋಕಾಗಲ್ಲ. ನಂಬಬೇಕು."
"ನಂಬೋದು ಬೇರೆ ಪೀರಿಯಡ್ಡು ಅಲ್ವಾ ಸಾರ್?"
ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ಕಿಟಕಿಯಾಚೆ ಕಬ್ಬಿನ ಟ್ರಾಕ್ಟರುಗಳು,
ಒಂದೊಂದರ ಹಿಂದೆ ಎರಡೆರಡು ಟ್ರೈಲರು,
ಫ್ಯಾಕ್ಟರಿ ಗೇಟಿನವರೆಗೂ ಸಾಲು.
ಮುಂದಿನದು ನಿಂತರೆ ಕೊಂಡಿಕೊಂಡಿಯೂ ಲಟಕ್ಕೆಂದು
ಕೊನೆಯ ಲೋಡಿನ ಮೇಲೆ ಕೂತವನ ಕೈಯ ಟೀ ಚೆಲ್ಲುತ್ತದೆ.
ಆ ಲೆಕ್ಕ ನನಗೂ ಗೊತ್ತು:
ಕೊಟ್ಟದ್ದು ಯಾರಿಗೋ ತಲುಪಲೇಬೇಕು,
ಕೊನೆಗೆ ಟೀಗಾದರೂ.

ಸಂಜೆ ಎಲ್ಲರೂ ಹೋದ ಮೇಲೆ ಮಂಡಿಯೂರಿ ನೋಡಿದೆ.
ಟೇಬಲ್ಲಿನ ಒಂದು ಕಾಲು ಗಿಡ್ಡ.
ಅದರಡಿ ನಾನೇ ಹಿಂದೊಮ್ಮೆ
ಬೆಂಕಿಪೊಟ್ಟಣ ಮಡಿಸಿ ಇಟ್ಟಿದ್ದೆ;
ಇಲಿ ತಿಂದಿತ್ತೋ, ಕಸಕ್ಕೆ ಹೋಗಿತ್ತೋ.
ಹೊಸದಿಟ್ಟೆ. ಮಟ್ಟಗೋಲಿನ ಗುಳ್ಳೆ ನಡುವೆ ಬಂತು.
ಬೆಳಿಗ್ಗೆ ಅವಳನ್ನು ಕರೆದು, "ಈಗ ಬಿಡವ್ವ."

ಎಪ್ಪತ್ತೊಂಬತ್ತು.

ಆ ಒಂದರ ಮುಂದೆ ಇಬ್ಬರೂ ಸುಮ್ಮನೆ ಕೂತೆವು.
ಮೈಸೂರು ಪ್ಯಾಸೆಂಜರು ಹೋಯಿತು,
ಬೀರುವಿನೊಳಗೆ ಲೆನ್ಸುಗಳು
ಒಂದನ್ನೊಂದು ತಾಗಿ ಏನೋ ಹೇಳಿಕೊಂಡವು.

ರೆಕಾರ್ಡಿನಲ್ಲಿ ಎಲ್ಲರೂ 'ಪ್ರಯೋಗದ ದೋಷ' ಎಂದು ಬರೆಯುವ ಕಡೆ
ಅವಳು ಬರೆದಳು: ಒಂದು, ಎಲ್ಲಿಗೆ ಹೋಯಿತೋ ತಿಳಿದಿಲ್ಲ.
ಮೇಷ್ಟ್ರು ಅದರಡಿ ಕೆಂಪು ಗೆರೆ ಎಳೆದರು,
ಹೊಡೆದುಹಾಕಲಿಲ್ಲ,
ಸ್ವಲ್ಪ ಹೊತ್ತು ಬಿಟ್ಟು ಸಹಿ ಹಾಕಿದರು.

ಅವತ್ತು ಬೀಗ ಹಾಕುವ ಮುಂಚೆ
ಯಾರೂ ಇಲ್ಲವೆಂದು ನೋಡಿಕೊಂಡು
ಗೋಡೆಗೆ ಎರಡೂ ಅಂಗೈ ಇಟ್ಟು ಜೋರಾಗಿ ತಳ್ಳಿದೆ.
ಗೋಡೆ ಅಲ್ಲೇ ಇತ್ತು.
ಚಪ್ಪಲಿ ಮಾತ್ರ ಅರ್ಧ ಇಂಚು
ಹಿಂದಕ್ಕೆ ಜಾರಿತ್ತು.