ಅಕ್ಟೋಬರ್ ಮೂರು

ನನಗೆ ವಿಜ್ಞಾನ ಬರುವುದಿಲ್ಲ.
ಬರುವುದು ಇಷ್ಟೇ: ಸೀಸದ ಅಕ್ಷರವನ್ನು
ಎಡಬಲ ತಿರುಗಿಸಿ, ತಲೆಕೆಳಗಾಗಿ ಓದುವುದು,
ಯಾವ ಮೊಳೆ ಸವೆದದ್ದು, ಯಾವುದು ಹೊಸದು
ಎಂದು ಬೆರಳ ತುದಿಯಲ್ಲೇ ತಿಳಿಯುವುದು.

ಕ್ಲರ್ಕೆನ್‌ವೆಲ್ಲಿನ ಓಣಿ. ಮೂರನೇ ಮಹಡಿ.
ಮಟಮಟ ಮಧ್ಯಾಹ್ನವೂ ಉರಿಯುವ ಗ್ಯಾಸು ದೀಪ.
ಕೆಳಗೆ ಗಡಿಯಾರದವರು, ಮೇಲೆ ನಾವು:
ಅವರು ಹೊತ್ತು ಜೋಡಿಸುತ್ತಿದ್ದರು,
ನಾವು ಹೊತ್ತಿಗೆ.

ಪತ್ರಿಕೆಯ ಒಡತಿ ಮಿಸೆಸ್ ಲವಿನಿಯಾ ಥ್ವೇಟ್.
ಗಂಡ ಬಿಟ್ಟುಹೋದದ್ದು
ಮುನ್ನೂರ ಹನ್ನೆರಡು ಚಂದಾದಾರರು, ಕಾಗದದವನ ಸಾಲ,
ಒಂದು ಪೆಟ್ಟಿಗೆ ತುಂಬ ಮರದಚ್ಚು
– ಜೀರುಂಡೆ, ಜರೀಗಿಡ, ಯಾರದೋ ದವಡೆಯೆಲುಬು –
ಮತ್ತೆ ತಿಂಗಳು ತಿಂಗಳೂ ಬಾಯಿ ತೆರೆಯುವ ಮೂವತ್ತೆರಡು ಪುಟ.
ಯಾವ ವಿದ್ವತ್ಸಭೆಯ ಬಾಗಿಲೂ ಆಕೆಗೆ ತೆರೆಯದು.
ಒಳಗೆ ಕೂತವರು ಮಾತ್ರ ಆಕೆಯ ಬಾಗಿಲಿಗೆ ಬರೆಯುತ್ತಿದ್ದರು:
‘ಸಂಪಾದಕ ಮಹಾಶಯರೇ...’
ಮಹಾಶಯರು ಶಾಲು ಹೊದ್ದು, ಕೆಂಪು ಶಾಯಿ ಅದ್ದಿ
ಅವರ ವಿಶೇಷಣಗಳನ್ನು ಬಿಡಿಸುತ್ತಿದ್ದರು
ಕೋಸಿನ ಹೊರಗಿನೆಲೆ ಬಿಡಿಸಿದ ಹಾಗೆ.

ಹಿಂಬದಿಯ ರಕ್ಷಾಪುಟದಲ್ಲಿ ಕೆಮ್ಮಿನ ಗುಳಿಗೆ, ಕೋಕೋ ಪುಡಿ.
ಸತ್ಯದ ಬೆನ್ನಿಗೆ ನಿಂತದ್ದು, ನಿಜ ಹೇಳಬೇಕೆಂದರೆ,
ಆ ಕೋಕೋ ಡಬ್ಬಿಯೇ.

ಒಂದು ದಿನ ಮೀನೆಣ್ಣೆ ನಾರುವ ಲಕೋಟೆ.
ನಾರ್ಥಂಬರ್ಲೆಂಡಿನ ದೀಪಸ್ತಂಭದ ಕಾವಲುಗಾರ, ಏಮಸ್ ಟೆರಿಲ್:
ರಾತ್ರಿ ಬಕೆಟ್ಟಿಗೆ ಬಂದ ಹುಳುವೊಂದು
ಮುಟ್ಟಿದರೆ ಹಸಿರು ಬೆಳಗುತ್ತದೆ, ಮುಟ್ಟುತ್ತ ಹೋದರೆ ಮಂಕಾಗುತ್ತದೆ.
ನಾಲ್ಕು ಹಾಳೆ. ಕಾಗುಣಿತ ದೇವರಿಗೇ ಪ್ರೀತಿ.
ಆಕೆ ದಫ್ತರದಲ್ಲಿ ಬರೆದಳು: ತಲುಪಿದ್ದು, ಅಕ್ಟೋಬರ್ ಮೂರು.
ಆ ತಿಂಗಳು ಜಾಗವಿರಲಿಲ್ಲ. ನವೆಂಬರಿನಲ್ಲೂ ಇರಲಿಲ್ಲ.
ಹಾಳೆಗಳು ಚಹಾ ಡಬ್ಬಿಯ ಅಡಿಯಲ್ಲಿ ಚಳಿಗಾಲ ಕಳೆದವು.

ಡಿಸೆಂಬರಿನಲ್ಲಿ ಸರ್ ಓರ್ಮ್ಸ್‌ಬಿ ವೇನ್ ಅವರ ಗಾಡಿ.
ಅದೇ ಹುಳು.
ಲ್ಯಾಟಿನ್ ಹೆಸರು, ಹೆಸರಿನ ಬಾಲಕ್ಕೆ ಅವರದೇ ಹೆಸರು,
ಕೈಯಲ್ಲಿ ಬಣ್ಣ ತುಂಬಿದ ಚಿತ್ರಫಲಕ; ಖರ್ಚು ಅವರದು.
ಮೂರು ವರ್ಷದಿಂದ ಎಲ್ಲ ಚಿತ್ರಗಳ ಖರ್ಚೂ ಅವರದೇ.
ನಾನು ಕರಡು ಹಿಡಿದು ಬಾಗಿಲಲ್ಲಿದ್ದೆ.
ಡಬ್ಬಿಯ ಅಡಿಯದನ್ನು ಆಕೆಯೇ ತೆಗೆದು ಕೊಟ್ಟಳು.
ಬಹಳ ಹೊತ್ತು ಓದಿದರು. ಕೆಟ್ಟವರಲ್ಲ;
ನಡುವೆ ಒಮ್ಮೆ ನಕ್ಕರು ಕೂಡ,
ಹುಳುವನ್ನು ಕಂಡು ಖುಷಿಯಾದವರ ನಗು ಅದು.
ಆಮೇಲೆ ಕೈಗವಸು ತೊಡುತ್ತ ಅಂದರು:
‘ಇದನ್ನೂ ಹಾಕಿ, ಖಂಡಿತ ಹಾಕಿ.
ತಾರೀಖು ಮಾತ್ರ ಬೇಡ.’

ಆ ಸಂಜೆ ಆಕೆ ಮೆಟ್ಟಿಲೇರಿ ನನ್ನ ಮೊಳೆಮನೆಗಳ ಬಳಿ ಬಂದಳು.
ಲೆಕ್ಕದ ಪುಸ್ತಕ ತಂದಿದ್ದಳು. ತೆರೆದಳು, ಮುಚ್ಚಿದಳು.
‘ಮಿಸ್ಟರ್ ಪ್ಲಮ್ಲಿ, ನಿಮ್ಮಲ್ಲಿ ಎಲ್ಲಕ್ಕಿಂತ ಚಿಕ್ಕ ಮೊಳೆ ಯಾವುದು?’
ತೋರಿಸಿದೆ. ಎಳ್ಳಿನ ಗಾತ್ರ.
‘ಸಾಕು.’
ಜೋಡಿಸಿದೆ, ಲೇಖನದ ಕಾಲಬುಡದಲ್ಲಿ, ಒಂದೇ ಸಾಲು.
ಕೈ ನಡುಗಲಿಲ್ಲ, ಏನೂ ಇಲ್ಲ.
ಸೀಸಕ್ಕೆ ಎಲ್ಲ ತಾರೀಖೂ ಒಂದೇ ತೂಕ.

ಫೆಬ್ರವರಿ ಸಂಚಿಕೆಯಲ್ಲಿ ಚಿತ್ರಗಳಿಲ್ಲ.
ಏಪ್ರಿಲಿನಲ್ಲಿ ಕ್ರಯಪತ್ರ: ಪತ್ರಿಕೆಯ ಹೆಸರು, ಉಳಿದ ಪ್ರತಿಗಳು,
ಮರದಚ್ಚಿನ ಪೆಟ್ಟಿಗೆ, ಇನ್ನೂರ ಎಪ್ಪತ್ತು ವಿಳಾಸ,
ಒಟ್ಟು ನೂರ ನಲವತ್ತು ಪೌಂಡು.
ಕೊಂಡವರು ಕೋಕೋದವರು.
ಕೆಂಪು ಶಾಯಿ ಪಟ್ಟಿಯಲ್ಲಿರಲಿಲ್ಲ;
ಕುಪ್ಪಿಯನ್ನು ಆಕೆ ಕೈಚೀಲದಲ್ಲಿ ಒಯ್ದಳು.

ಮೇ ತಿಂಗಳಲ್ಲಿ ದೀಪಸ್ತಂಭದಿಂದ ಕಾಗದ ಬಂತು.
ತಾರೀಖಿನ ಮಾತೇ ಇಲ್ಲ. ಅವನು ನೋಡಿದನೋ ಇಲ್ಲವೋ.
‘ಹುಳು ಎರಡಂಗುಲ, ನೀವು ಮೂರು ಮಾಡಿದ್ದೀರಿ.
ದಯಮಾಡಿ ತಿದ್ದಿ.’

ತಪ್ಪು ನನ್ನದು. ಆ ಸಂಜೆ ನನ್ನ ಕಣ್ಣೆಲ್ಲ
ಇನ್ನೊಂದು ಮೂರರ ಮೇಲಿತ್ತು.
ಹೊಸಬರು ಹೇಳಿದರು, ತಿದ್ದುಪಡಿಗೆಲ್ಲ ಜಾಗವಿಲ್ಲ.
ಹಾಗಾಗಿ ಆ ಸಂಪುಟ ಇರುವ ಕಪಾಟುಗಳಲ್ಲೆಲ್ಲ
ಆ ಹುಳು ಇಂದಿಗೂ
ಒಂದಂಗುಲ ಉದ್ದ.