ಹಗುರದ ಲೆಕ್ಕ

ಇಪ್ಪತ್ತೇಳು ವರ್ಷ ಅಕ್ಕಿ ಉಬ್ಬಿಸಿದವನು ನಾನು.
ಉಪ್ಪುನೀರು ಕುಡಿಸಿ, ಬಾಡಿಸಿ,
ಕಾದ ಮರಳಿಗೆ ಎರಚಿದರೆ ಸಾಕು,
ಒಂದು ಬೊಗಸೆ ಕಣ್ಣೆದುರೇ ಒಂದು ಮೊರವಾಗುತ್ತದೆ.
ಜರಡಿ ಹಿಡಿದರೆ ಮರಳು ಕೆಳಗೆ, ಬಿಳುಪು ಮೇಲೆ.
ದಾವಣಗೆರೆಯ ಎಷ್ಟೋ ಸಂಜೆಗಳು
ನನ್ನ ಭಟ್ಟಿಯಿಂದ ಚೀಲ ಚೀಲ ಹೊರಟು
ಮೆಣಸಿನಕಾಯಿ ಬಜ್ಜಿಯ ಪಕ್ಕ ಕೂತಿವೆ.

ಹೊತ್ತವರಿಗೆ ಗೊತ್ತು: ಆಳೆತ್ತರದ ಚೀಲ,
ತೂಕ ಹತ್ತು ಕಿಲೋ ದಾಟದು.
ಹಮಾಲಿ ಕೊಟ್ರ ಬೆನ್ನಿಗೇರಿಸಿಕೊಂಡು ನಗುತ್ತಿದ್ದ:
"ಸಾಬ್ರೇ, ಮಾರೋದು ಗಾಳಿ, ಕೂಲಿ ಮಾತ್ರ ಅಕ್ಕಿದು ಕೊಡ್ರಿ."
ಆಗ ನಾನೂ ನಕ್ಕಿದ್ದೆ.

ಈಗ ಉಬ್ಬಿದ್ದು ನನ್ನ ನೆತ್ತರು.
ಇನ್ನೂರ ಎಂಬತ್ತಾರು, ಊಟಕ್ಕೆ ಮೊದಲೇ.
ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು,
ಗುಳಿಗೆ ಬರೆದು, ಪೆನ್ನು ಮುಚ್ಚಿ ಕೇಳಿದಳು:
"ಬೆಳಿಗ್ಗೆ ಏನು ತಿಂತೀರಿ?"
ಒಗ್ಗರಣೆ ಮಂಡಕ್ಕಿ.
"ಮಧ್ಯಾಹ್ನ?"
ಅನ್ನ.
"ಸಂಜೆ?"
ಭಟ್ಟಿಯಲ್ಲಿ ಬಾಯಾಡಿಸಲು ಇನ್ನೇನಿರುತ್ತೆ, ಅಮ್ಮಾ.
"ರಾತ್ರಿ?"
ನಾನು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಖೈರುನ್ ಹೇಳಿದಳು,
ಮಧ್ಯಾಹ್ನದ್ದು ಉಳಿದಿದ್ರೆ ಅದೇ.

ಬೈಯಲಿಲ್ಲ ಆಕೆ. ಬಿಳಿದಾದಷ್ಟೂ, ಉಬ್ಬಿದಷ್ಟೂ
ನೆತ್ತರಿಗೆ ಓಡೋಡಿ ಹೋಗುತ್ತೆ,
ಸಿಪ್ಪೆ ಇದ್ದದ್ದು, ನಾರಿದ್ದದ್ದು ನಡೆದು ಹೋಗುತ್ತೆ ಎಂದಳು.
"ನಡೆಯುವಂಥದ್ದನ್ನ ತಿನ್ನಿ."

ನಡೆಯುವಂಥದ್ದು.
ಮನೆ ಮುಟ್ಟುವತನಕ ಆ ಮಾತು
ಚಪ್ಪಲಿಯಲ್ಲಿ ಸಿಕ್ಕ ಕಲ್ಲಿನ ಹಾಗೆ.

ನಮ್ಮಮ್ಮ ಜಗಳೂರಿನ ಕಡೆಯವಳು.
ನೀರಾವರಿ ಸೀಮೆಗೆ ಸೊಸೆಯಾಗಿ ಬಂದಾಗ
ತವರಿನಿಂದ ತಂದ ನವಣೆಯ ಗಂಟನ್ನು
ಅತ್ತೆ ಕೋಳಿಗೆ ಬಿಚ್ಚಿದಳಂತೆ.
ಭದ್ರಾ ನಾಲೆ ಹರಿದ ಮನೆ, ದಿನಾ ಬಿಳಿ ಅನ್ನ.
ಆ ಮರ್ಯಾದೆ ಅಮ್ಮನಿಗೆ ಎಷ್ಟು ಅಂಟಿತೆಂದರೆ
ಸಾಯುವವರೆಗೂ ನವಣೆಯ ಹೆಸರೆತ್ತಲಿಲ್ಲ.
ಒಮ್ಮೆ ಮಾತ್ರ, ಜ್ವರದಲ್ಲಿ, ನಿದ್ದೆಗಣ್ಣಲ್ಲಿ ಕೇಳಿದ್ದಳು.
ನಾವು ಗಂಜಿ ಕೊಟ್ಟೆವು. ಅಕ್ಕಿಯದು.

ಗಡಿಯಾರ ಕಂಬದ ಹತ್ತಿರದ ಅಂಗಡಿಯಲ್ಲಿ
ಬಣ್ಣದ ಪ್ಯಾಕೆಟ್, ಮೇಲೊಂದು ಹಸಿರೆಲೆ.
ಬೆಲೆ ನೋಡಿ ವಾಪಸ್ ಇಟ್ಟೆ.
ಕೋಳಿಯ ಕಾಳು ಯಾವಾಗ ಇಷ್ಟು ದೊಡ್ಡವರ ಮನೆ ಸೇರಿತೋ!
ಸಂತೆಯಲ್ಲಿ ಗೋಣಿತಾಟಿನ ಮೇಲೆ ಸುರಿದುಕೊಂಡು
ತಿಪ್ಪಕ್ಕ ಕೂತಿದ್ದಳು. ಹಿಡಿ ತುಂಬಿ ನೋಡಿದೆ.
ಅಷ್ಟು ಸಣ್ಣದಕ್ಕೆ ಅಷ್ಟು ಭಾರ!
"ಬೆರಳ ಸಂದ್ಯಾಗೆ ಸೋರ್ತಾವೆ, ಹುಷಾರು," ಅಂದಳು.

ಮೊದಲ ದಿನ ಉದುರುದುರಾಯಿತು,
ಮೊಮ್ಮಗ ಇಲಿಯಾಸ್ "ರವೆ ಬೆಂದೇ ಇಲ್ಲ" ಎಂದು ತಟ್ಟೆ ತಳ್ಳಿದ.
ಮರುದಿನ ಹೆಸರುಕಾಳು, ಮೆಂತ್ಯದ ಸೊಪ್ಪು ಬಿತ್ತು.
ಈಗ ಪಕ್ಕದ ಮನೆ ಗೌರಕ್ಕನಿಂದ
ಖೈರುನ್ ಜೋಳದ ರೊಟ್ಟಿ ತಟ್ಟಲು ಕಲಿಯುತ್ತಿದ್ದಾಳೆ,
ಯಾವ ದೇಶದ್ದೆಂದು ತಿಳಿಯದ ಭೂಪಟಗಳು.
ತಿಂದರೆ ಅಸರ್ ನಮಾಜಿನವರೆಗೆ ಹಸಿವು ಬಾಗಿಲು ಬಡಿಯದು.
ಅನ್ನ ಪೂರ್ತಿ ಬಿಟ್ಟಿಲ್ಲ. ಶುಕ್ರವಾರ, ಒಂದು ಸೌಟು.
ಹಬ್ಬದ್ದಾಗಿತ್ತಲ್ಲ ಒಂದು ಕಾಲಕ್ಕೆ,
ಹಬ್ಬಕ್ಕೇ ವಾಪಸ್ ಕಳಿಸಿದೆ.

ಭಟ್ಟಿ ಮಾತ್ರ ಬಿಟ್ಟಿಲ್ಲ. ಹೊಟ್ಟೆಪಾಡು.
ನನಗೆ ಬೇಡವಾದದ್ದನ್ನು ಊರಿಗೆ ತಿನ್ನಿಸುತ್ತೇನಲ್ಲ ಎಂದು
ಒಂದೊಂದು ರಾತ್ರಿ ಮಗ್ಗುಲು ಬದಲಿಸುತ್ತೇನೆ.
ಕೊಟ್ರ ಅನ್ನುತ್ತಾನೆ,
"ಹಿಡಿ ತಿಂದವ್ರಿಗೆ ಏನಾಗ್ತದೆ ಸಾಬ್ರೇ, ನೀವು ಚೀಲ ತಿಂದ್ರಿ."

ನಿನ್ನೆ ಆಳುಗಳು ಹೋದಮೇಲೆ ಮರಳು ಇನ್ನೂ ಬಿಸಿಯಿತ್ತು.
ಜೇಬಿನಲ್ಲಿದ್ದ ಹಿಡಿ ನವಣೆ ಎರಚಿದೆ, ಸುಮ್ಮನೆ.
ಉಬ್ಬಲಿಲ್ಲ ಅವು.
ಒಂದೆರಡು ಚಿಟಪಟ ಎಂದವು, ಉಳಿದವು
ಮರಳಲ್ಲಿ ಮರಳಾಗಿ ಕೂತವು.
ಜರಡಿ ಹಿಡಿದೆ. ಮರಳಿನ ಜೊತೆಗೇ ಕೆಳಗೆ ಬಿದ್ದವು.
ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು
ಒಂದೊಂದೇ ಹೆಕ್ಕುತ್ತಿದ್ದೆ,
ಜ್ವರದಲ್ಲಿ ಕೇಳಿದವಳಿಗೆ
ಇನ್ನೂ ಕೊಡಬಹುದು ಎಂಬ ಹಾಗೆ.